ಫೇಲಾದ ಮೇಲಿನ ಆರು ತಿಂಗಳು

ಸಿಎ (ಚಾರ್ಟರ್ಡ್ ಅಕೌಂಟೆಂಟ್) ಪರೀಕ್ಷೆ ಪಾಸಾಗಲು ಎರಡು ಲೆಕ್ಕ ಒಟ್ಟಿಗೆ ಕೂಡಿ ಬರಬೇಕು. ಪ್ರತಿ ಪೇಪರಿನಲ್ಲೂ ನೂರಕ್ಕೆ 40 ಇರಬೇಕು, ಗ್ರೂಪಿನ (ಒಟ್ಟಿಗೆ ಪಾಸಾಗಬೇಕಾದ ಪೇಪರುಗಳ ಗುಂಪಿನ) ಒಟ್ಟು ಅಂಕ ಶೇ 50 ಮುಟ್ಟಬೇಕು. ನಾನು ಬರೆದ ಹಳೇ ಸ್ಕೀಮಿನಲ್ಲಿ ಕೊನೆ ಹಂತವಾದ ಫೈನಲ್‌ನ ಒಂದು ಗ್ರೂಪಿಗೆ ನಾಲ್ಕು ಪೇಪರ್, ಅಂದರೆ 400ಕ್ಕೆ 200. ನಾಲ್ಕರಲ್ಲೂ 45ರ ಮೇಲೆ ಬಂದರೂ ಒಟ್ಟು 190ರ ಆಸುಪಾಸಿನಲ್ಲಿ ನಿಂತರೆ ಇಡೀ ಗ್ರೂಪ್ ಹೋಯಿತು. ಇದನ್ನು ಮನೆಯವರಿಗೆ ಅರ್ಥ ಮಾಡಿಸೋದು ಪರೀಕ್ಷೆಗಿಂತ ಕಷ್ಟ. "ಎಲ್ಲದ್ರಲ್ಲೂ ಪಾಸಾಗಿದೀಯಲ್ಲೇ, ಮತ್ತೆ ಫೇಲ್ ಹೆಂಗೆ?" ಅಂತ ಅಮ್ಮ ನನ್ನ ಮೊಬೈಲ್ ಇಸಕೊಂಡು ಮತ್ತೆ ಮತ್ತೆ ನೋಡಿದ್ದಳು.

ನಮ್ಮದು ದಾವಣಗೆರೆ. ಅಪ್ಪ ಟೇಲರ್. ಫೈನಲ್‌ಗೆ ಮುಂಚಿನ ಹಂತವಾದ ಇಂಟರ್ ಮುಗಿಸಿ ಬೆಂಗಳೂರಿನಲ್ಲಿ ಮೂರು ವರ್ಷ ಆರ್ಟಿಕಲ್‌ಶಿಪ್ (ಸಿಎ ಆಫೀಸಿನಲ್ಲಿ ತರಬೇತಿ) ಮಾಡಿದೆ. ಫೈನಲ್ ಬರೆಯಬೇಕಾಗಿದ್ದು 2020ರ ಮೇನಲ್ಲಿ. ಆ ವರ್ಷದ ಕತೆ ಎಲ್ಲರಿಗೂ ಗೊತ್ತು. ಮೇ ಪರೀಕ್ಷೆ ಜೂನ್‌ಗೆ ಹೋಯಿತು, ಆಮೇಲೆ ಜುಲೈ ಕೊನೆಗೆ ಹೋಯಿತು, ಕೊನೆಗೆ ಅದನ್ನೂ ಬಿಟ್ಟು ನವೆಂಬರ್ ಪರೀಕ್ಷೆಗೆ ಸೇರಿಸಿದರು. ಪ್ರತಿ ಸಲ ರಿವಿಷನ್ ತುದಿಗೆ ತಂದು ನಿಲ್ಲಿಸೋದು, ತಾರೀಖು ಮುಂದೆ ಹೋಗೋದು. ಬರೆದಾಗ ಎರಡೂ ಗ್ರೂಪ್ ಬರಲಿಲ್ಲ.

ಆಗ ಎಲ್ಲರೂ ಹೇಳಿದ್ದು ಒಂದೇ ಮಾತು: ಛಲ ಬಿಡಬೇಡ. ಒಳ್ಳೆ ಮಾತೇ. ಆದರೆ ಛಲ ಹಿಡಿದು ಕೂತವರ ಊಟ, ಬಸ್ ಚಾರ್ಜು, ಪರೀಕ್ಷಾ ಫೀಸು ಎಲ್ಲಿಂದ ಬರಬೇಕು ಅಂತ ಯಾರೂ ಹೇಳುವುದಿಲ್ಲ. ನನ್ನ ಜೊತೆ ಓದಿದವರಲ್ಲಿ ಕೋರ್ಸ್ ಬಿಟ್ಟವರು ದಡ್ಡರೇನಲ್ಲ. ಜಾಸ್ತಿ ಜನ ಬಿಟ್ಟಿದ್ದು ದುಡ್ಡಿಗೆ, ಇಲ್ಲವೇ ಮನೆಯಲ್ಲಿ ಸುಮ್ನೆ ಕೂತಿದ್ದೇನೆ ಅನ್ನೋ ಸಂಕೋಚಕ್ಕೆ.

ನಾನು ಬೆಂಗಳೂರಿನ ಪಿಜಿ ಖಾಲಿ ಮಾಡಿ ಊರಿಗೆ ಬಂದೆ. ನನ್ನ ಅನುಭವದಲ್ಲಿ ತಿರುವು ಅಂತ ಇದ್ದರೆ ಅದು ಇದೇ. ಪೂರ್ತಿ ದಿನದ ಕೆಲಸ ಹಿಡಿಯಲಿಲ್ಲ. ಅಪ್ಪನ ಅಂಗಡಿ ಸಾಲಿನಲ್ಲಿದ್ದ ಕೆಲವರ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ ಮಾತ್ರ ತೆಗೆದುಕೊಂಡೆ. ಜಿಎಸ್‌ಟಿ ಕೆಲಸಕ್ಕೆ ತನ್ನದೇ ಒಂದು ಲಯ ಇದೆ. ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಹನ್ನೊಂದನೇ ತಾರೀಖಿನ ಒಳಗೆ, ತೆರಿಗೆ ಕಟ್ಟುವ 3ಬಿ ಇಪ್ಪತ್ತನೇ ತಾರೀಖಿನ ಒಳಗೆ. ಅಲ್ಲಿಗೆ ಮುಗಿಯಿತು. ಇಪ್ಪತ್ತೊಂದರಿಂದ ತಿಂಗಳ ಕೊನೆವರೆಗೆ ಫೋನ್ ಅಷ್ಟಾಗಿ ಬರುವುದಿಲ್ಲ. ಆ ದಿನಗಳು ಪೂರ್ತಿ ಓದಿಗೆ. ಮೊದಲ ಇಪ್ಪತ್ತು ದಿನ ಬೆಳಗ್ಗೆ ಓದು, ಸಂಜೆ ಲೆಕ್ಕ. ಇನ್‌ಕಮ್ ಟ್ಯಾಕ್ಸ್ ಆಡಿಟ್ ಕೆಲಸ ಮಾತ್ರ ಎಷ್ಟು ದುಡ್ಡು ಕೊಡುತ್ತೇನೆಂದರೂ ಮುಟ್ಟಲಿಲ್ಲ. ಅದರ ಸೀಸನ್ ಸೆಪ್ಟೆಂಬರ್, ಅಕ್ಟೋಬರ್. ನವೆಂಬರ್‌ನಲ್ಲಿ ಪರೀಕ್ಷೆ ಇದ್ದವರಿಗೆ ಅದಕ್ಕಿಂತ ದೊಡ್ಡ ಗುಂಡಿ ಇಲ್ಲ.

ಬರುತ್ತಿದ್ದ ದುಡ್ಡು ದೊಡ್ಡದೇನಲ್ಲ. ಆದರೆ ಫೀಸು ಕಟ್ಟಲು ಅಪ್ಪನ ಮುಂದೆ ನಿಲ್ಲುವುದು ತಪ್ಪಿತು. ಬಂದವರು "ಮಗಳು ಏನ್ ಮಾಡ್ತಿದಾಳೆ?" ಅಂದರೆ ಅಮ್ಮನಿಗೆ ಹೇಳಲು ಒಂದು ಉತ್ತರ ಸಿಕ್ಕಿತು. ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮಂಥ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇನ್ನೊಂದು ಅಟೆಂಪ್ಟ್ ಸಿಗುವುದೋ, ಗಂಡು ನೋಡಲು ಶುರು ಮಾಡುವುದೋ ಅನ್ನೋದು ಇಂಥ ಉತ್ತರದ ಮೇಲೇ ನಿಂತಿರುತ್ತದೆ.

ಕೆಲಸದಿಂದ ಓದಿಗೂ ಲಾಭ ಆಯಿತು. ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ ಒಬ್ಬ ಹಿರಿಯರು ಒಂದು ಸಂಜೆ ಬಂದು, "ತಂಗ್ಯಮ್ಮಾ, ನಂಗೂ ಜಿಎಸ್‌ಟಿ ನಂಬರ್ ಬೇಕಂತಾರಲ್ಲ, ಹೌದೇನು?" ಅಂದರು. ಬರೀ ಮಂಡಕ್ಕಿಗೆ ತೆರಿಗೆ ಇಲ್ಲ. ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರುವವರಿಗೆ ಜಿಎಸ್‌ಟಿ ಕಾಯ್ದೆಯ ಕಲಂ 23ರ ಪ್ರಕಾರ ನೋಂದಣಿಯೂ ಬೇಡ. "ಬೇಡ ಬಿಡಿ ಅಣ್ಣ" ಅಂದೆ. ಹೊರಡುವಾಗ ಅವರು ಮಾತಿಗೆ ಅಂತ, ಭಟ್ಟಿ ಪಕ್ಕದ ಎರಡು ಮಳಿಗೆ ಬಾಡಿಗೆಗೆ ಕೊಟ್ಟಿರುವುದನ್ನು ಹೇಳಿದರು. ಮತ್ತೆ ಕೂರಿಸಿದೆ. ಅಂಗಡಿ ಬಾಡಿಗೆಗೆ ತೆರಿಗೆ ಇದೆ. ಅದು ಬಂದ ಮೇಲೆ ಕಲಂ 23ರ ರಕ್ಷಣೆ ಇಲ್ಲ, ವಹಿವಾಟಿನ ಮಿತಿ 20 ಲಕ್ಷ ದಾಟಿದೆಯೇ ಅಂತ ನೋಡುವಾಗ ತೆರಿಗೆ ಇಲ್ಲದ ಮಂಡಕ್ಕಿ ವ್ಯಾಪಾರವನ್ನೂ ಕೂಡಿಸಬೇಕು. ಪುಸ್ತಕದಲ್ಲಿ ಎಷ್ಟೋ ಸಲ ಓದಿ ಮರೆತಿದ್ದ ವಿಷಯ ಅವತ್ತು ತಲೆಯಲ್ಲಿ ಕೂತಿತು. ಎರಡನೇ ಗ್ರೂಪ್ ಮೊದಲು ಪಾಸಾಗಿದ್ದಕ್ಕೆ ಇಂಥ ಸಂಜೆಗಳೂ ಕಾರಣ.

ಉಳಿದದ್ದು ಮೊದಲ ಗ್ರೂಪ್. ಅದರಲ್ಲೂ ಆಡಿಟ್ ಪೇಪರ್. ಓದಿದ್ದು ಕಮ್ಮಿಯಾಗಿತ್ತು ಅಂತ ನನಗೆ ಅನ್ನಿಸುತ್ತಿರಲಿಲ್ಲ. ಹಾಗಾಗಿ ಇನ್ನಷ್ಟು ಓದುವ ಬದಲು ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡೆ. ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಿದರೆ ಕೊಡುತ್ತಾರೆ. ಎಷ್ಟೋ ಜನ ನೋಡಲು ಭಯಪಟ್ಟು ತರಿಸುವುದೇ ಇಲ್ಲ.

ಅದರಲ್ಲಿ ಗೋಯಿಂಗ್ ಕನ್ಸರ್ನ್ (ಕಂಪನಿ ಮುಂದೆಯೂ ನಡೆಯುತ್ತದೆ ಅನ್ನೋ ನಂಬಿಕೆ) ಬಗ್ಗೆ ಒಂದು ಪ್ರಶ್ನೆ. ನಷ್ಟದಲ್ಲಿ ಬಂಡವಾಳ ಕರಗಿಹೋದ ಕಂಪನಿ, ಮುಂದೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಆಡಿಟರ್ ಏನು ಮಾಡಬೇಕು? ಎಸ್‌ಎ 570 ಅನ್ನೋ ಆಡಿಟ್ ಸ್ಟ್ಯಾಂಡರ್ಡ್ ಇದಕ್ಕೆ ಸ್ಪಷ್ಟವಾಗಿ ದಾರಿ ಹೇಳುತ್ತದೆ. ಕಂಪನಿ ತನ್ನ ಅನಿಶ್ಚಿತ ಸ್ಥಿತಿಯನ್ನು ಲೆಕ್ಕಪತ್ರದ ಟಿಪ್ಪಣಿಯಲ್ಲಿ ಸರಿಯಾಗಿ ಬಿಚ್ಚಿ ಹೇಳಿದ್ದರೆ ಆಡಿಟರ್ ತನ್ನ ಅಭಿಪ್ರಾಯ ಬದಲಿಸುವುದಿಲ್ಲ, ಆ ವಿಷಯಕ್ಕೆ ಬೇರೆ ಶೀರ್ಷಿಕೆ ಕೊಟ್ಟು ಬರೆಯುತ್ತಾನೆ. ಸರಿಯಾಗಿ ಹೇಳದಿದ್ದರೆ ಕ್ವಾಲಿಫೈಡ್ (ಇದೊಂದು ಬಿಟ್ಟು ಉಳಿದದ್ದು ಸರಿ), ಇಲ್ಲವೇ ಅಡ್ವರ್ಸ್ (ಲೆಕ್ಕಪತ್ರವೇ ಸರಿಯಿಲ್ಲ) ಅಭಿಪ್ರಾಯ. ನನ್ನ ಉತ್ತರದಲ್ಲಿ ವ್ಯಾಖ್ಯಾನ ಪುಟಗಟ್ಟಲೆ ಇತ್ತು. ಈ ಕಂಪನಿಗೆ ಯಾವುದು ಅನ್ನೋ ಒಂದು ಸಾಲು ಇರಲಿಲ್ಲ. ಪರೀಕ್ಷಕರು ಅಂಕ ಎಲ್ಲಿಗೆ ಕೊಡಬೇಕು ಹೇಳಿ. (ಆ ಹೊತ್ತಿಗೆ ನನ್ನ ಮೇಲೇ ಯಾರಾದರೂ ಆಡಿಟ್ ರಿಪೋರ್ಟ್ ಬರೆದಿದ್ದರೆ ಗೋಯಿಂಗ್ ಕನ್ಸರ್ನ್ ಪ್ಯಾರಾ ಖಂಡಿತ ಹಾಕುತ್ತಿದ್ದರು.)

ಪರೀಕ್ಷೆ ನಡೆಸುವ ಇನ್‌ಸ್ಟಿಟ್ಯೂಟ್ ಪ್ರಕಟಿಸುವ ಸಜೆಸ್ಟೆಡ್ ಆನ್ಸರ್ (ಮಾದರಿ ಉತ್ತರ) ಪಕ್ಕದಲ್ಲಿಟ್ಟು ನೋಡಿದರೆ ಅವರ ಉತ್ತರ ನನ್ನದಕ್ಕಿಂತ ಚಿಕ್ಕದು. ಮೊದಲು ಸ್ಟ್ಯಾಂಡರ್ಡ್ ಏನು ಹೇಳುತ್ತದೆ, ಆಮೇಲೆ ಈ ಪ್ರಶ್ನೆಯ ಸಂಗತಿ, ಕೊನೆಗೆ ತೀರ್ಮಾನ. ಅಲ್ಲಿಂದ ಮುಂದೆ ನನ್ನ ಓದು ಅರ್ಧಕ್ಕೆ ಇಳಿಯಿತು, ಬರೆಯೋದು ಜಾಸ್ತಿಯಾಯಿತು. ಪರೀಕ್ಷೆ ಮಧ್ಯಾಹ್ನ 2ರಿಂದ 5. ದಾವಣಗೆರೆ ಬಿಸಿಲಿಗೆ ಊಟ ಮಾಡಿ ಕೂತರೆ ಕಣ್ಣು ತಾನಾಗೇ ಮುಚ್ಚುವ ಹೊತ್ತು. ಆ ಹೊತ್ತಿಗೇ ಮಾಕ್ ಪೇಪರ್ ಹಿಡಿದು ಕೂರುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅಪ್ಪನ ಹೊಲಿಗೆ ಮಿಷನ್ ಸದ್ದು ಇರುತ್ತಿತ್ತು, ನಿಲ್ಲಿಸಿ ಅಂತ ಒಂದು ದಿನವೂ ಹೇಳಲಿಲ್ಲ. ಪರೀಕ್ಷಾ ಹಾಲಿನಲ್ಲೂ ಫ್ಯಾನ್ ಕಿರುಗುಟ್ಟುತ್ತದೆ, ಅಲ್ವಾ?

ಹಳಬರಿಗೆ ಇನ್ನೊಂದು ಕಾಟ ಇದೆ. ಪುಸ್ತಕ ಹಳೆಯದಾಗುತ್ತದೆ. ಆಗ ಮೇ ಪರೀಕ್ಷೆಗೆ ಹಿಂದಿನ ಅಕ್ಟೋಬರ್ 31ರವರೆಗಿನ ಕಾನೂನು ತಿದ್ದುಪಡಿ, ನವೆಂಬರ್ ಪರೀಕ್ಷೆಗೆ ಏಪ್ರಿಲ್ 30ರವರೆಗಿನದು ಓದಬೇಕಿತ್ತು. ಕಂಪನಿ ಕಾನೂನಿನ ಪುಸ್ತಕದಲ್ಲಿ ನಾನು ಅಂಟಿಸಿದ ಚೀಟಿಗಳಿಂದಲೇ ಅದು ಉಬ್ಬಿಹೋಗಿತ್ತು.

2022ರ ನವೆಂಬರ್ ಹೊತ್ತಿಗೆ ವಿಷಯ ಬಿಗಿಯಾಯಿತು. ಒಂದು ಪೇಪರಿನಲ್ಲಿ 60 ಬಂದರೆ ಮುಂದಿನ ಮೂರು ಅಟೆಂಪ್ಟ್ ಅದನ್ನು ಬರೆಯಬೇಕಿಲ್ಲ, ಆ ಅಂಕ ಒಟ್ಟಿಗೂ ಸೇರುತ್ತದೆ. ಮೊದಲ ಗ್ರೂಪಿನ ಎಸ್‌ಎಫ್‌ಎಂ (ಹಣಕಾಸು ನಿರ್ವಹಣೆ) ಪೇಪರಿನಲ್ಲಿ ನನಗೆ ಆ ಎಕ್ಸೆಂಪ್ಷನ್ ಇತ್ತು, ಅದಕ್ಕೆ ಅದೇ ಕೊನೆ ಸಲ. ತಪ್ಪಿದರೆ ನಾಲ್ಕೂ ಪೇಪರ್ ಮೊದಲಿನಿಂದ. ಅಪ್ಪನಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ: ಈ ಸಲ ಆಗದಿದ್ದರೆ ಒಂದು ವರ್ಷ ಕೆಲಸಕ್ಕೆ ಸೇರುತ್ತೇನೆ, ಆಮೇಲೆ ನೋಡೋಣ. ಆಗದಿದ್ದರೆ ಏನು ಅಂತ ಮೊದಲೇ ಗೊತ್ತಿದ್ದಿದ್ದರಿಂದ ಹಾಲಿನಲ್ಲಿ ಕೈ ನಡುಗಲಿಲ್ಲ. 2023ರ ಜನವರಿಯಲ್ಲಿ ಫಲಿತಾಂಶ ಬಂತು. ಪಾಸ್. ಆಡಿಟ್‌ನಲ್ಲಿ ಬಂದಿದ್ದು ಐವತ್ತರ ಮೇಲೆ ಚೂರು, ಹೆಮ್ಮೆಯಿಂದ ತೋರಿಸುವ ಅಂಕವೇನಲ್ಲ.

ಮುಂದುವರಿಸಲೋ ಬಿಡಲೋ ಅಂತ ಈಗ ಹುಡುಗರು ಕೇಳುತ್ತಾರೆ. ಬಿಡುವುದು ಸೋಲು ಅಂತ ನಾನು ಹೇಳುವುದಿಲ್ಲ. 2023ರ ಮೇನಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪಾಸಾದದ್ದು ಶೇ 8.33. ಇಂಟರ್‌ಗೇ ನಿಲ್ಲಿಸಿ ಕಂಪನಿ ಅಕೌಂಟ್ಸ್‌ನಲ್ಲಿ ಚೆನ್ನಾಗಿರುವ ಗೆಳತಿ ನನಗಿದ್ದಾಳೆ. ಮುಂದುವರಿಸುತ್ತೇನೆ ಅಂದವರಿಗೆ ನಾನು ಕೇಳುವುದು ಎರಡೇ: ಮುಂದಿನ ಅಟೆಂಪ್ಟ್‌ವರೆಗೆ ಖರ್ಚಿಗೆ ಏನು? ಉತ್ತರ ಪತ್ರಿಕೆ ನೋಡಿದೆಯಾ? ಮೊದಲನೆಯದಕ್ಕೆ ಏನೋ ಒಂದು ಹೇಳುತ್ತಾರೆ. ಎರಡನೆಯದಕ್ಕೆ ಹೆಚ್ಚಿನವರು ತಲೆ ಅಲ್ಲಾಡಿಸುತ್ತಾರೆ. 2025ರಿಂದ ಫೈನಲ್ ಕೂಡ ಜನವರಿ, ಮೇ, ಸೆಪ್ಟೆಂಬರ್ ಅಂತ ವರ್ಷಕ್ಕೆ ಮೂರು ಸಲ. ನಡುವೆ ಸಿಗುವುದು ನಾಲ್ಕು ತಿಂಗಳು, ಅದರಲ್ಲಿ ಫಲಿತಾಂಶಕ್ಕೆ ಕಾಯುವುದರಲ್ಲೇ ಸುಮಾರು ಅರ್ಧ ಹೋಗುತ್ತದೆ. ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಲು ಫಲಿತಾಂಶದಿಂದ 30 ದಿನ ಇರುತ್ತದೆ. ಅಷ್ಟು ದಿನ ಕಾಯಬೇಡಿ, ಅತ್ತು ಮುಗಿದ ಮೇಲೆ ಅವತ್ತೇ ರಾತ್ರಿ ಹಾಕಿಬಿಡಿ.