ಕಿಲೋಮೀಟರ್ ಬಿಡಿ, ನಿಮಿಷ ಎಣಿಸಿ: ವಡಗಾವಿಯಿಂದ ಆಸ್ಪತ್ರೆಗೆ

ನಮ್ಮ ಮನೆ ಬೆಳಗಾವಿಯ ವಡಗಾವಿಯಲ್ಲಿದೆ. ಅತ್ತೆಗೆ ಬಿಪಿ, ಶುಗರ್ ಎರಡೂ ಇವೆ. ಅದಕ್ಕೇ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: ಯಾವ ಹೊತ್ತಿಗೆ ಯಾವ ದಾರಿ, ಯಾವ ಆಸ್ಪತ್ರೆ. ಇಂಥದ್ದೊಂದನ್ನು ನೀವೂ ಮಾಡಿಟ್ಟುಕೊಳ್ಳಿ.

ಮೊದಲು ರೈಲು ಹಳಿ ಎಲ್ಲಿದೆ ನೋಡಿ. ಅಂಬೇಡ್ಕರ್ ರಸ್ತೆಯ ಬಿಮ್ಸ್, ನೆಹರು ನಗರದ ಕೆಎಲ್‌ಇ ಎರಡೂ ಆಸ್ಪತ್ರೆಗಳು ಹಳಿಯ ಆಚೆ. ಶಹಾಪುರ, ವಡಗಾವಿ, ಅನಗೋಳದವರು ನಾವೆಲ್ಲ ಈಚೆ. ಹಳಿಯನ್ನು ಎಲ್ಲಿ ದಾಟುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಟಿಳಕವಾಡಿಯಲ್ಲಿ ಗೇಟು ಬಿತ್ತು ಅಂದರೆ ಸುಮ್ನೆ ನಿಂತು ರೈಲಿನ ಡಬ್ಬಿ ಎಣಿಸಬೇಕು, ಅಷ್ಟೆ. ಹಾಗಾಗಿ ಚೀಟಿಯಲ್ಲಿ ಸೇತುವೆಯ ಹೆಸರೇ ಇರಲಿ. ನಮಗೆ ಕಪಿಲೇಶ್ವರ ಸೇತುವೆ, ಅದು ಜಾಮ್ ಆದರೆ ಗೋಗಟೆ ಸರ್ಕಲ್. ಅನಗೋಳದವರಿಗೆ ಮೂರನೇ ಗೇಟಿನ ಸೇತುವೆ ಇದೆ.

ಆಮೇಲೆ ಗಾಡಿ ತೆಗೆದುಕೊಂಡು ಒಮ್ಮೆ ಹೋಗಿ ಬನ್ನಿ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವ ಗದ್ದಲದಲ್ಲೊಮ್ಮೆ, ರಾತ್ರಿ ಊಟ ಆದ ಮೇಲೊಮ್ಮೆ. ಆಸ್ಪತ್ರೆಯ ಗೇಟಿನವರೆಗಲ್ಲ, ತುರ್ತು ವಿಭಾಗದ ಬಾಗಿಲವರೆಗೆ ಎಷ್ಟು ನಿಮಿಷ ಅಂತ ಬರೆದುಕೊಳ್ಳಿ. ಕೆಲವು ದಿನ ಈ ಲೆಕ್ಕ ನಡೆಯಲ್ಲ. ಗಣಪತಿ ಬಿಡುವ ರಾತ್ರಿ ಮೆರವಣಿಗೆ ಬಂದು ಸೇರುವುದೇ ಕಪಿಲೇಶ್ವರ ಹೊಂಡಕ್ಕೆ! ಅವತ್ತು ಆ ಕಡೆ ತಲೆ ಹಾಕಬೇಡಿ. ಸುವರ್ಣಸೌಧದಲ್ಲಿ ಅಧಿವೇಶನ ನಡೆದಾಗ ಹಲಗಾ ಕಡೆಯ ಹೈವೇನೂ ಅಷ್ಟೇ.

ಹತ್ತಿರದ್ದೇ ಒಳ್ಳೆಯದು ಅಂದುಕೊಳ್ಳಬೇಡಿ. ಜ್ವರ, ಗಾಯಕ್ಕೆ ಓಣಿಯ ನರ್ಸಿಂಗ್ ಹೋಮ್ ಸಾಕು. ಬಾಯಿ ಸೊಟ್ಟಗಾಯ್ತು, ಕೈ ಎತ್ತಲು ಬರುತ್ತಿಲ್ಲ ಅಂದರೆ ಅದು ಪಾರ್ಶ್ವವಾಯು ಇರಬಹುದು, ರಾತ್ರಿಯೂ ಸಿ.ಟಿ. ಸ್ಕ್ಯಾನ್ ಇರುವ ಕಡೆಗೇ ನೇರ ಹೋಗಿ. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟೊತ್ತಿಗೆ ಅಂತ ಡಾಕ್ಟರ್ ಕೇಳೇ ಕೇಳುತ್ತಾರೆ. ಸ್ಕ್ಯಾನ್ ರಾತ್ರಿ ನಡೆಯುತ್ತಾ ಅಂತ ಇವತ್ತೇ ಫೋನ್ ಮಾಡಿ ಕೇಳಿಡಿ.

108ಕ್ಕೆ ಫೋನ್ ಮಾಡುವಾಗ ಮನೆಯಿಂದ ಹೊರಗೆ ಬನ್ನಿ. ನಮ್ಮ ಓಣಿಯಲ್ಲಿ ಪವರ್‌ಲೂಮ್ ಸಪ್ಪಳಕ್ಕೆ ಆಚೆಯವರ ಮಾತು ಕೇಳಿಸಲ್ಲ. ಬರೀ ‘ಮಾರುತಿ ಗುಡಿ ಹತ್ತಿರ’ ಅಂದರೆ ಯಾವ ಮಾರುತಿ? ಮೊದಲು ವಡಗಾವಿ ಅನ್ನಿ, ಆಮೇಲೆ ಗಲ್ಲಿ, ಆಮೇಲೆ ಗುಡಿ. ಓಣಿ ಇಕ್ಕಟ್ಟಿದ್ದರೆ ಅದನ್ನೂ ಆಗಲೇ ಹೇಳಿ, ಒಬ್ಬರನ್ನು ಮೇನ್ ರೋಡಿಗೆ ಓಡಿಸಿ. ನಮ್ಮಲ್ಲಿ ಆ ಕೆಲಸ ಪಕ್ಕದ ಮನೆ ಹುಡುಗನದ್ದು, ಮೊದಲೇ ಹೇಳಿಟ್ಟಿದ್ದೇವೆ.

ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಇವೆಲ್ಲ ಒಂದೇ ಚೀಲದಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಯಾವ ಆಸ್ಪತ್ರೆ ಯೋಜನೆಯಲ್ಲಿದೆ ಅನ್ನೋದನ್ನು ಚೀಟಿಯಲ್ಲಿ ಅದರ ಹೆಸರಿನ ಪಕ್ಕದಲ್ಲೇ ಬರೆಯಿರಿ.