ಸವಳು ನೀರಿನ ಊರಲ್ಲಿ ಕೂದಲು ಉಳಿಸಿಕೊಳ್ಳೋದು ಹೇಗೆ

ವಿಜಯಪುರದಲ್ಲಿ ಬೋರ್ ನೀರಲ್ಲೇ ತಲೆ ಎರೆದುಕೊಳ್ಳುವವರಿಗೆ ಇದು ಗೊತ್ತು. ಎಷ್ಟು ತೊಳೆದರೂ ಜಿಗಟು, ಒಣಗಿದ ಮೇಲೆ ನಾರಿನ ಹಾಗೆ ಒರಟು. ಒಂದು ಲೋಟ ಸವಳು ನೀರಲ್ಲಿ ಮೈಸೋಪು ಕದಡಿ ನೋಡಿ, ನೊರೆಗಿಂತ ಜಾಸ್ತಿ ಹಾಲು ಒಡೆದ ಹಾಗೆ ಬಿಳಿ ಚೂರುಗಳೇ ತೇಲುತ್ತವೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿಗೆ ಸೇರಿ ಆಗುವ ಕಸ ಅದು. ಅದೇ ಕೂದಲಿಗೂ ಅಂಟುತ್ತದೆ.

ಅದಕ್ಕೇ ತಲೆಗೆ ಸೋಪು ಬೇಡವೇ ಬೇಡ. ಶಾಂಪೂ ಬುಡಕ್ಕೆ ಮಾತ್ರ ಹಚ್ಚಿ, ತುದಿಗೆ ಇಳಿದು ಬರುವ ನೊರೆ ಸಾಕು. ಕಂಡೀಷನರ್ ತುದಿಗೆ. ಕೊನೆಯ ಎರಡು ತಂಬಿಗೆ ಮಳೆನೀರೋ ಫಿಲ್ಟರ್ ನೀರೋ ಸಿಕ್ಕರೆ ಕೂದಲು ಎಷ್ಟೋ ಮೆತ್ತಗಿರುತ್ತದೆ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಅದು ಕೂದಲಿನ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದು ಕಡಿಮೆಯಾಗುತ್ತದೆ.

ಒದ್ದೆ ಕೂದಲು ಬಹಳ ನಾಜೂಕು. ಟವೆಲ್ಲಿನಿಂದ ಗಸಗಸ ಉಜ್ಜಬೇಡಿ. ನಾನು ಅವ್ವನ ಹಳೇ ನೂಲಿನ ಸೀರೆ ತುಂಡಲ್ಲಿ ಸುಮ್ನೆ ಒತ್ತಿ ನೀರು ತೆಗೆಯುತ್ತೇನೆ. ಆಮೇಲೆ ಅಗಲ ಹಲ್ಲಿನ ಹಣಿಗೆ. ಒಂದು ಹಿಡಿ ಕೂದಲನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಕೆಳಗಿನ ನಾಲ್ಕು ಬೆರಳಷ್ಟು ಬಿಡಿಸಿ, ಕೈಯನ್ನು ಸ್ವಲ್ಪ ಮೇಲೆ ಸರಿಸಿ ಮತ್ತೆ ಬಿಡಿಸಿ. ಮೇಲಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಹೋಗಿ ಗಂಟಾಗುತ್ತದೆ, ಕೂದಲು ಪಟ್ ಅಂತ ಹರಿಯುತ್ತದೆ.

ತಮ್ಮನ ಮದುವೆಗೆ ಅಂತ ಒಂದು ಪಾರ್ಲರಿನಲ್ಲಿ ಸ್ಟ್ರೇಟನಿಂಗ್ ಮಾಡಿಸಿದ್ದೆ. ಎರಡೇ ತಿಂಗಳಿಗೆ ಕಿವಿಯ ಹತ್ತಿರ ಕೂದಲು ತುಂಡಾಗಿ ಬರತೊಡಗಿತು, ಕನ್ನಡಿ ಮುಂದೆ ಕೂತು ಅತ್ತುಬಿಟ್ಟೆ. ಮಾಸ್ಕು, ಸೀರಮ್ಮು ಎಲ್ಲಾ ಹಚ್ಚಿದೆ. ನಯವಾಗಿ ಕಂಡಿತೇ ಹೊರತು ಕೂಡಲಿಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಗಾಯದ ಹಾಗೆ ಮಾಯುವುದಿಲ್ಲ. ತುದಿ ಸೀಳಿದ್ದರೆ ಕತ್ತರಿಸಬೇಕು, ಅಷ್ಟೇ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಕಾಯಬೇಕು. ಬಿಸಿ ಮಷೀನು, ಬಣ್ಣ, ಬಿಗಿ ರಬ್ಬರ್ ಬ್ಯಾಂಡು ಅಲ್ಲೀತನಕ ದೂರ ಇಡಿ. ಬಿಸಿಲಲ್ಲಿ ಗಾಡಿ ಮೇಲೆ ಹೋಗುವಾಗ ಜಡೆ ಹಾಕಿ, ತಲೆಗೆ ಓಢಣಿ ಸುತ್ತಿ.

ಇನ್ನೊಂದು ಮಾತು. ಬಿದ್ದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಅದು ಬುಡದಿಂದ ಉದುರಿದ್ದು, ತುಂಡಾದದ್ದಲ್ಲ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಹಿಡಿಗಟ್ಟಲೆ ಬರುತ್ತಿದ್ದರೆ, ತಲೆಯಲ್ಲಿ ಬೋಳು ಮಚ್ಚೆ ಕಂಡರೆ ಎಣ್ಣೆ ಬದಲಾಯಿಸುತ್ತಾ ಕೂರದೆ ಚರ್ಮದ ಡಾಕ್ಟರ ಹತ್ತಿರ ಹೋಗಿ.