ಅಮೆರಿಕದ ಸಂಗಾತಿ ವೀಸಾ: ಮೊದಲು ಹೆಸರು ನೋಡಿಕೊಳ್ಳಿ

ಮಗಳನ್ನೋ ಸೊಸೆಯನ್ನೋ ಅಮೆರಿಕಕ್ಕೆ ಕಳಿಸುವ ಶಿರಸಿ, ಕುಮಟಾ ಕಡೆಯವರಿಗೆ ಒಂದು ಮಾತು. ಅಲ್ಲಿರುವ ಗಂಡ ಹೆಂಡತಿಯನ್ನು ಕರೆಸಿಕೊಳ್ಳಲು ಐ-130 ಅರ್ಜಿ ಹಾಕಿದ ಮೇಲೆ ಕಾಯುವುದು ಜಾಸ್ತಿ. ಸುಮ್ನೆ ಕೂರುವ ಬದಲು ಕಾಗದಪತ್ರ ಹರವಿಕೊಂಡು ಹೆಸರು ತಾಳೆ ನೋಡಿ. ನಮ್ಮಲ್ಲಿ ದೊಡ್ಡ ತಲೆನೋವು ಇದೇ. ಜನನ ಪ್ರಮಾಣಪತ್ರದಲ್ಲಿ ಹೆಗಡೆ, ಅಂಕಪಟ್ಟಿಯಲ್ಲಿ ಹೆಗ್ಡೆ, ಆಧಾರ್‌ನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೂ ಸೇರಿರುತ್ತದೆ. ತಿದ್ದಿಸಲು ಆಗುವುದನ್ನು ಈಗಲೇ ತಿದ್ದಿಸಿ. ಆಗದಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಇರಲಿ.

ಮದುವೆಗೆ ಸಾಕ್ಷಿಯಾಗಿ ಮಠದಲ್ಲೋ ಕಲ್ಯಾಣಮಂಟಪದಲ್ಲೋ ಕೊಟ್ಟ ರಸೀದಿ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಣಿ ಮಾಡಿಸಿ. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವೂ ಬೇಕು, ಅದು ಪಾಸ್‌ಪೋರ್ಟ್ ಸೇವಾದಲ್ಲಿ ಸಿಗುತ್ತದೆ.

ಗಂಡನ ಸಂಬಳ ಅಲ್ಲಿನ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು. ಕಡಿಮೆಯಾದರೆ ಅಲ್ಲೇ ಇರುವ ಇನ್ನೊಬ್ಬರು ಜಂಟಿ ಪ್ರಾಯೋಜಕರಾಗಿ, ಅಂದರೆ ಖರ್ಚಿನ ಹೊಣೆ ಹೊತ್ತು, ಸಹಿ ಹಾಕಬಹುದು. ನೆಂಟರಲ್ಲಿ ಇದನ್ನು ಕೇಳಲು ಸಂಕೋಚ, ಅಲ್ವಾ? ಆದರೂ ಬೇಗ ಕೇಳಿ.

ಸಂದರ್ಶನ ಮುಂಬೈ ಕಾನ್ಸುಲೇಟ್‌ನಲ್ಲಿ. ಅದಕ್ಕೂ ಮೊದಲೇ ಅವರು ಗೊತ್ತು ಮಾಡಿದ ವೈದ್ಯರ ಬಳಿ ತಪಾಸಣೆ ಆಗಬೇಕು. ಹಾಗಾಗಿ ಕುಮಟಾದಿಂದಲೋ ಕಾರವಾರದಿಂದಲೋ ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡುವಾಗ ಕೆಲವು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಅಲ್ಲಿಗೆ ಕಾಲಿಡುವಾಗ ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಅಲ್ಲಿ ನೆಲೆಸಲು ಕೊಡುವ ಗ್ರೀನ್ ಕಾರ್ಡ್ 2 ವರ್ಷಕ್ಕಷ್ಟೇ. ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ಇಬ್ಬರೂ ಸೇರಿ ಅದನ್ನು ಮುಂದುವರಿಸಲು ಐ-751 ಅರ್ಜಿ ಹಾಕಬೇಕು.